ಪಿಟೀಲಿನ ಬಳಗ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಅವರಿಗೆ ಕೆಲಸ. ಬಸ್ಸಿಗೆ ಕಾಯುವಾಗ ಕಣ್ಣಿಗೆ ಬಿದ್ದ ಅಕ್ಷರ ಓದುವುದು ಈಗ ಅವರ ಅಭ್ಯಾಸ. ಮೊದಲು ಬಸ್ಸಿನ ಬೋರ್ಡು ಓದಿದರು. ಕಾಪು, ಕಾರ್ಕಳ, ಪರ್ಕಳ. ಆಮೇಲೆ ಅಂಗಡಿಗಳ ಹೆಸರು ಓದಿದರು. ಒಂದು ದಿನ ಕೇಂದ್ರಕ್ಕೆ ಬಂದವರೇ ಕೇಳಿದರು:

"ಟೀಚರ್, ವಯೊಲಿನ್ ಅಂದರೆ ಎಂತ?"

ಅವರು ಓದಿದ್ದು ಸಂಗೀತ ಕಚೇರಿಯ ಒಂದು ಪೋಸ್ಟರು. ಅದರಲ್ಲಿ ಮೂರು ಹೆಸರು ಇತ್ತು. ಹಾಡುಗಾರಿಕೆ ಎಂದು ಒಬ್ಬ ಗಂಡಸಿನ ಹೆಸರು. ಮೃದಂಗ ಎಂದು ಇನ್ನೊಬ್ಬ ಗಂಡಸಿನ ಹೆಸರು. ನಡುವೆ ವಯೊಲಿನ್ ಎಂದು ಒಬ್ಬ ಹೆಂಗಸಿನ ಹೆಸರು. ಮೃದಂಗ ಅವರಿಗೆ ಗೊತ್ತುಂಟು. ವಯೊಲಿನ್ ಗೊತ್ತಿಲ್ಲ.

"ಪಿಟೀಲು" ಎಂದೆ.

"ಓ, ಪಿಟೀಲಾ!" ಎಂದು ನಕ್ಕರು. ಪಿಟೀಲನ್ನು ಕಣ್ಣಲ್ಲಿ ನೋಡದವರಿಗೂ ಆ ಶಬ್ದ ಗೊತ್ತು. ಯಾರಾದರೂ ಹೇಳಿದ್ದನ್ನೇ ಹೇಳಿ ತಲೆ ತಿಂದರೆ "ಪಿಟೀಲು ಕುಯ್ಯಬೇಡ ಮಾರಾಯ" ಅನ್ನುತ್ತೇವೆ. ಪಾಪದ ವಾದ್ಯ, ಇಷ್ಟು ಚಂದದ ನಾದ ಕೊಟ್ಟೂ ಬೈಗುಳಕ್ಕೆ ಸೇರಿಹೋಗಿದೆ.

ನಗು ನಿಂತ ಮೇಲೆ ಅಕ್ಕ ಇನ್ನೊಂದು ಮಾತು ಕೇಳಿದರು. "ಹೆಂಗಸರೂ ಅದನ್ನು ನುಡಿಸುತ್ತಾರಾ?"

ನುಡಿಸುತ್ತಾರೆ. ಆದರೆ ಮೊದಲಿನಿಂದ ಹಾಗೆ ಇರಲಿಲ್ಲ. ಆ ಕತೆಯನ್ನೇ ಇಲ್ಲಿ ಹೇಳುತ್ತೇನೆ.

ಬಾವಿಯ ರಾಟೆ, ಪಿಟೀಲಿನ ತಂತಿ

ವಾದ್ಯಗಳಲ್ಲಿ ಹಲವು ಬಗೆ. ಡೋಲು, ಚೆಂಡೆ, ಮದ್ದಳೆ ಇವೆಲ್ಲ ಬಡಿಯುವ ವಾದ್ಯ. ಕೊಳಲು, ನಾಗಸ್ವರ, ಸ್ಯಾಕ್ಸೋಫೋನು ಊದುವ ವಾದ್ಯ. ನಮ್ಮ ಕಡೆ ಕೋಲ, ಜಾತ್ರೆ, ಮದುವೆಗಳಲ್ಲಿ ಹೆಚ್ಚು ಕೇಳುವುದು ಇವೆರಡೇ ಬಗೆ. ವೀಣೆ, ತಂಬೂರಿ ಬೆರಳಿನಿಂದ ಮೀಟುವ ವಾದ್ಯ. ಪಿಟೀಲು ಇವು ಯಾವುದೂ ಅಲ್ಲ. ಅದು ಉಜ್ಜುವ ವಾದ್ಯ.

ಪಿಟೀಲು ಟೊಳ್ಳಾದ ಮರದ ಪೆಟ್ಟಿಗೆ. ತೂಕ ಸುಮಾರು ಅರ್ಧ ಕಿಲೋ, ಅಷ್ಟೇ. ಪೆಟ್ಟಿಗೆಯ ಮೇಲೆ ನಾಲ್ಕು ತಂತಿ. ತಂತಿಯನ್ನು ಎತ್ತಿ ಹಿಡಿಯುವ ಚಿಕ್ಕ ಮರದ ತುಂಡಿಗೆ ಕುದುರೆ ಎಂದು ಹೆಸರು. ತಂತಿ ಬಿಗಿ ಮಾಡುವ ಮರದ ಗೂಟಕ್ಕೆ ಬಿರಡೆ ಎನ್ನುತ್ತಾರೆ. ಬಲಗೈಯಲ್ಲಿ ಒಂದು ಉದ್ದ ಕೋಲು ಹಿಡಿಯುತ್ತಾರಲ್ಲ, ಅದು ಕಮಾನು. ಕುದುರೆ ಎಂಬ ಹೆಸರು ತಂತಿಯ ಕೆಳಗಿನ ಮರಕ್ಕೆ ಬಂತು. ಆದರೆ ನಿಜವಾದ ಕುದುರೆ ಇರುವುದು ಕಮಾನಿನಲ್ಲಿ. ಕಮಾನಿಗೆ ಕಟ್ಟಿದ ಬಿಳಿ ಎಳೆಗಳು ಕುದುರೆಯ ಬಾಲದ ಕೂದಲು. ಒಂದು ಕಮಾನಿಗೆ ನೂರಕ್ಕೂ ಹೆಚ್ಚು ಕೂದಲು ಬೇಕು.

ಬರೀ ಕೂದಲು ತಂತಿಯ ಮೇಲೆ ಜಾರಿಹೋಗುತ್ತದೆ. ಸದ್ದು ಬರುವುದಿಲ್ಲ. ಅದಕ್ಕೆ ರಾಳ ತಿಕ್ಕಬೇಕು. ರಾಳ ಅಂದರೆ ಮರದ ಅಂಟು ಗಟ್ಟಿಯಾದದ್ದು. ರಾಳ ತಿಕ್ಕಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ. ಸ್ವಲ್ಪ ಎಳೆದ ಮೇಲೆ ತಂತಿ ಕೈ ತಪ್ಪಿಸಿಕೊಂಡು ಹಿಂದೆ ಹೋಗುತ್ತದೆ. ಕೂದಲು ಮತ್ತೆ ಹಿಡಿಯುತ್ತದೆ. ತಂತಿ ಮತ್ತೆ ತಪ್ಪಿಸಿಕೊಳ್ಳುತ್ತದೆ. ಒಂದು ಸೆಕೆಂಡಿನ ಒಳಗೆ ಈ ಹಿಡಿಯುವುದು, ಬಿಡುವುದು ನೂರಾರು ಸಲ ನಡೆಯುತ್ತದೆ. ಅದೇ ನಮಗೆ ನಾದವಾಗಿ ಕೇಳುವುದು.

ಎಣ್ಣೆ ಹಾಕದ ಬಾವಿಯ ರಾಟೆ ಕಿರ್ ಎನ್ನುವುದೂ ಹೀಗೆಯೇ. ಹಳೇ ಬಾಗಿಲು ಕಿರುಗುಟ್ಟುವುದೂ ಹೀಗೆಯೇ. ಒಂದು ಹಿಡಿದುಕೊಳ್ಳುತ್ತದೆ, ಇನ್ನೊಂದು ಜಾರಿಕೊಳ್ಳುತ್ತದೆ. ನಡುವೆ ಸದ್ದು ಹುಟ್ಟುತ್ತದೆ. ಪಿಟೀಲು ಕಲಿಯುವ ಮಕ್ಕಳ ಮನೆಯಲ್ಲಿ ಮೊದಲ ಆರು ತಿಂಗಳು ರಾಟೆಯ ಸದ್ದೇ ಕೇಳುವುದು. ಅಕ್ಕಪಕ್ಕದ ಮನೆಯವರು ತಾಳ್ಮೆ ಇಟ್ಟುಕೊಳ್ಳಬೇಕು.

ಮೀಟಿದ ತಂತಿಯ ನಾದ ಬೇಗ ಆರಿಹೋಗುತ್ತದೆ. ಉಜ್ಜಿದ ತಂತಿಯ ನಾದ ಹಾಗಲ್ಲ. ಕಮಾನು ಎಳೆಯುವಷ್ಟು ಹೊತ್ತೂ ಅದು ಉಳಿಯುತ್ತದೆ. ಏರಿಸಬಹುದು, ಇಳಿಸಬಹುದು, ಜಾರಿಸಬಹುದು. ನಾವು ತೊಟ್ಟಿಲು ತೂಗುತ್ತ ಜೋಜೋ ಎಂದು ದನಿ ಎಳೆಯುತ್ತೇವಲ್ಲ, ಹಾಗೆ. ಎಲ್ಲ ವಾದ್ಯಗಳಲ್ಲಿ ಮನುಷ್ಯರ ಕಂಠಕ್ಕೆ ಹತ್ತಿರದ್ದು ಈ ಉಜ್ಜುವ ವಾದ್ಯಗಳೇ ಎಂದು ಬಲ್ಲವರು ಹೇಳುತ್ತಾರೆ. ಕೇಳಿದರೆ ನಮಗೂ ಹಾಗೇ ಅನ್ನಿಸುತ್ತದೆ.

ನಂದಳಿಕೆಯ ಹುಡುಗ, ತಿರುಮಕೂಡಲಿನ ಹುಡುಗ

ಪಿಟೀಲು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಯುರೋಪಿನವರ ಜೊತೆ ಹಡಗಿನಲ್ಲಿ ಬಂದದ್ದು. ಅಲ್ಲಿಯವರು ಅದನ್ನು ಗದ್ದದ ಅಡಿಗೆ ಇಟ್ಟುಕೊಂಡು, ಹೆಚ್ಚಾಗಿ ನಿಂತುಕೊಂಡು ನುಡಿಸುತ್ತಾರೆ. ನಮ್ಮ ಊರುಗಳ ಇಗರ್ಜಿಯ ಹಾಡಿನಲ್ಲಿ ಕೆಲವರು ಅದನ್ನು ಹಾಗೆ ನೋಡಿರಬಹುದು.

ಅದನ್ನು ದಕ್ಷಿಣದ ಸಂಗೀತಕ್ಕೆ ತಂದವರಲ್ಲಿ ಮೊದಲ ಹೆಸರು ಬಾಲಸ್ವಾಮಿ ದೀಕ್ಷಿತರದು. ಅವರ ಕಾಲ 1786ರಿಂದ 1858. ದೊಡ್ಡ ವಾಗ್ಗೇಯಕಾರರಾದ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಅವರು. ಮದರಾಸಿನ ಕಡೆ ಇದ್ದಾಗ ಯುರೋಪಿನ ವಾದ್ಯಗಾರರಿಂದ ಪಿಟೀಲು ಕಲಿತರು. ಕಲಿತದ್ದು ಅವರ ವಾದ್ಯ, ನುಡಿಸಿದ್ದು ನಮ್ಮ ರಾಗ. ಆಮೇಲೆ ತಂಜಾವೂರಿನ ವಡಿವೇಲು ಎಂಬವರು ತಿರುವಾಂಕೂರಿನ ಅರಮನೆಯಲ್ಲಿ ಪಿಟೀಲು ನುಡಿಸಿದರು. 1834ರಲ್ಲಿ ಅಲ್ಲಿಯ ಸ್ವಾತಿ ತಿರುನಾಳ್ ಮಹಾರಾಜರು ಅವರಿಗೆ ದಂತದ ಪಿಟೀಲು ಉಡುಗೊರೆ ಕೊಟ್ಟರು.

ನಮ್ಮವರು ಪಿಟೀಲಿನ ಆಕಾರ ಬದಲಿಸಲಿಲ್ಲ. ಹಿಡಿಯುವ ಕ್ರಮ ಬದಲಿಸಿದರು. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕುಳಿತರು. ಒಂದು ತುದಿಯನ್ನು ಎದೆಗೆ ಒತ್ತಿದರು, ಇನ್ನೊಂದು ತುದಿಯನ್ನು ಪಾದದ ಮೇಲೆ ಊರಿದರು. ಈಗ ಎಡಗೈಗೆ ಭಾರ ಇಲ್ಲ. ಬೆರಳು ತಂತಿಯ ಮೇಲೆ ಆಚೆ ಈಚೆ ಸಲೀಸಾಗಿ ಜಾರಬಹುದು. ವೀಣೆಯಲ್ಲಿ ಮೆಟ್ಟಿಲುಗಳಿವೆ, ಪಿಟೀಲಿನಲ್ಲಿ ಮೆಟ್ಟಿಲಿಲ್ಲ. ಸ್ವರ ಎಲ್ಲಿ ಉಂಟು ಎಂದು ಬೆರಳೇ ಹುಡುಕಬೇಕು, ಕಿವಿಯೇ ಹೇಳಬೇಕು. ಕಷ್ಟ ಹೌದು. ಆದರೆ ನಮ್ಮ ಹಾಡಿನ ಗಮಕಕ್ಕೆ, ಅಂದರೆ ಸ್ವರ ತೂಗಿ ಬಳುಕಿಸುವುದಕ್ಕೆ, ಅದೇ ಅನುಕೂಲವಾಯಿತು. ಈಗ ಪಿಟೀಲು ಇಲ್ಲದ ಕರ್ನಾಟಕ ಸಂಗೀತದ ಕಚೇರಿ ಕಾಣುವುದೇ ಅಪರೂಪ.

ಇನ್ನು ನಮ್ಮ ಊರಿನ ಮಾತು. ನಂದಳಿಕೆ ನಿಮಗೆ ಗೊತ್ತಲ್ಲ? ಕಾರ್ಕಳ ತಾಲೂಕಿನ ಊರು. ಸಿರಿ ಜಾತ್ರೆಗೆ ಹೋದವರು ನೋಡಿಯೇ ಇರುತ್ತೀರಿ. ಕವಿ ಮುದ್ದಣನ ಊರು ಎಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದೇ ನಂದಳಿಕೆಯಲ್ಲಿ 1866ರಲ್ಲಿ ಒಬ್ಬ ಹುಡುಗ ಹುಟ್ಟಿದ. ಕೊಂಕಣಿ ಮಾತಾಡುವ ಮನೆ. ತಂದೆ ಯಕ್ಷಗಾನದವರು. ಮನೆಯಲ್ಲಿ ಬಡತನ. ಆ ಹುಡುಗ ಮೈಸೂರು ಸೇರಿದ. ಹೊಟ್ಟೆ ಹಸಿದು ದೇವಸ್ಥಾನದಲ್ಲಿ ಹಾಡುತ್ತ ಕುಳಿತಿದ್ದಾಗ ಒಬ್ಬ ಸಾಹುಕಾರರು ಕೇಳಿದರಂತೆ. ಈ ಕಂಠ ಹಾಳಾಗಬಾರದು ಎಂದು ಗುರುಗಳ ಹತ್ತಿರ ಪಾಠಕ್ಕೆ ಸೇರಿಸಿದರಂತೆ. ಮುಂದೆ ಆ ಹುಡುಗನೇ ಮೈಸೂರು ಅರಮನೆಯ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇದೆ. 1931ರಲ್ಲಿ ಅವರು ತೀರಿಕೊಂಡರು.

ಕೃಷ್ಣಪ್ಪನವರು ಹಾಡುಗಾರರು. ಪಿಟೀಲಿನ ಕತೆಯಲ್ಲಿ ಅವರ ಹೆಸರು ಯಾಕೆ ಬಂತು? ಅವರ ಶಿಷ್ಯನಿಂದ ಬಂತು.

ಮೈಸೂರಿನ ಹತ್ತಿರ ತಿರುಮಕೂಡಲು ಎಂಬ ಊರಿದೆ. ಕಾವೇರಿ, ಕಪಿಲಾ ನದಿಗಳು ಕೂಡುವ ಜಾಗ. ಅಲ್ಲಿ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ಎಂಬವರಿಗೆ 1895ರಲ್ಲಿ ಒಬ್ಬ ಮಗ ಹುಟ್ಟಿದ. ಹೆಸರು ಚೌಡಯ್ಯ. ಅರಮನೆಯ ಸಂಗೀತಕ್ಕೂ ಹಳ್ಳಿಯ ಗೌಡರ ಮನೆಗೂ ಆ ಕಾಲದಲ್ಲಿ ದೂರ ಬಹಳ. ಆದರೆ ಕೃಷ್ಣಪ್ಪನವರು 1910ರಲ್ಲಿ ಈ ಹುಡುಗನನ್ನು ಶಿಷ್ಯನಾಗಿ ಸೇರಿಸಿಕೊಂಡರು. ಪಾಠ ಬಹಳ ಕಟ್ಟುನಿಟ್ಟು. ಎಂಟು ವರ್ಷ ಅದು ನಡೆಯಿತು. ನಂದಳಿಕೆಯ ಬಡ ಹುಡುಗನಿಗೆ ಯಾರೋ ಒಬ್ಬರು ಗುರುವಿನ ಮನೆಯ ಬಾಗಿಲು ತೋರಿಸಿದ್ದರಲ್ಲ, ಅದನ್ನು ಅವರು ಮರೆತಿರಲಿಲ್ಲ ಎಂದು ನನಗೆ ತೋರುತ್ತದೆ.

ಚೌಡಯ್ಯನವರು ಗುರುಗಳ ಕಚೇರಿಯಲ್ಲೇ ಪಿಟೀಲು ಹಿಡಿದು ಕುಳಿತರು. ಆಗ ಒಂದು ತೊಂದರೆ ಇತ್ತು. ಮೈಕು ಇಲ್ಲದ ಕಾಲ. ಮುಂದಿನ ಸಾಲಿನವರಿಗೆ ಪಿಟೀಲು ಕೇಳುತ್ತಿತ್ತು, ಹಿಂದೆ ಕುಳಿತವರಿಗೆ ಕೇಳುತ್ತಿರಲಿಲ್ಲ. ಹಿಂದೆ ಕುಳಿತುಕೊಳ್ಳುವವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ಅವರಿಗೂ ಕೇಳಬೇಕು ಎಂದು ಚೌಡಯ್ಯನವರು ನಾಲ್ಕು ತಂತಿಯ ಜೊತೆಗೆ ಇನ್ನೂ ಮೂರು ತಂತಿ ಕಟ್ಟಿದರು. ಜೋಡಿ ತಂತಿಗಳು ಒಟ್ಟಿಗೆ ನುಡಿದಾಗ ನಾದ ದಪ್ಪವಾಯಿತು, ದೂರ ಹೋಯಿತು. ನುಡಿಸುವುದು ಮಾತ್ರ ಕಷ್ಟ. ಒಂದೇ ಬೆರಳು ಎರಡು ತಂತಿಯನ್ನು ಒಟ್ಟಿಗೆ ಸರಿಯಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಹಾಗಾಗಿ ಏಳು ತಂತಿಯ ಪಿಟೀಲು ಎಂದರೆ ಜನ ಚೌಡಯ್ಯನವರ ಹೆಸರನ್ನೇ ಹೇಳುತ್ತಾರೆ.

1957ರಲ್ಲಿ ಅವರಿಗೆ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಸಿಕ್ಕಿತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಒಂದು ದೊಡ್ಡ ಸಭಾಂಗಣ ಕಟ್ಟಿದ್ದಾರೆ. 1980ರಲ್ಲಿ ಅದರ ಉದ್ಘಾಟನೆ ಆಯಿತು. ಆ ಕಟ್ಟಡದ ಆಕಾರವೇ ಪಿಟೀಲು. ಮಾಡಿನ ಮೇಲೆ ತಂತಿ, ಬಿರಡೆ, ಕಮಾನು ಎಲ್ಲ ಉಂಟು. ಬೆಂಗಳೂರಿಗೆ ಹೋದರೆ ಮಲ್ಲೇಶ್ವರದ ಹತ್ತಿರ ನೋಡಬಹುದು. ಹೊರಗಿನಿಂದ ನೋಡಲು ದುಡ್ಡು ಬೇಡ.

ತೆಂಗಿನ ಕರಟದ ಪಿಟೀಲು

ಪಿಟೀಲು ಹೊರಗಿನಿಂದ ಬಂತು ಎಂದೆ. ಆದರೆ ತಂತಿಯನ್ನು ಕಮಾನಿನಿಂದ ಉಜ್ಜುವುದು ನಮ್ಮ ದೇಶಕ್ಕೆ ಹೊಸತಲ್ಲ. ಅದು ಅರಮನೆಯಲ್ಲಿ ಇರಲಿಲ್ಲ, ದಾರಿಯಲ್ಲಿ ಇತ್ತು. ಊರೂರು ತಿರುಗುವವರ ಹೆಗಲ ಮೇಲೆ ಇತ್ತು.

ರಾಜಸ್ಥಾನದಲ್ಲಿ ಒಂದು ವಾದ್ಯ ಉಂಟು. ರಾವಣಹತ್ಥ ಎಂದು ಹೆಸರು. ರಾವಣನೇ ಮಾಡಿದ್ದು ಎಂದು ಕತೆ. ನೋಡಿದರೆ ನಮ್ಮ ಅಂಗಳದಲ್ಲಿಯೇ ಮಾಡಿದ ಹಾಗೆ ಕಾಣುತ್ತದೆ. ತೆಂಗಿನ ಅರ್ಧ ಕರಟ. ಅದರ ಬಾಯಿಗೆ ಆಡಿನ ಚರ್ಮ ಬಿಗಿದಿದ್ದಾರೆ. ಕರಟಕ್ಕೆ ಒಂದು ಉದ್ದ ಬಿದಿರು ಸಿಕ್ಕಿಸಿದ್ದಾರೆ. ಅದರ ಮೇಲೆ ತಂತಿ. ಕಮಾನಿಗೆ ಕುದುರೆಯ ಕೂದಲು, ಜೊತೆಗೆ ಗೆಜ್ಜೆ. ಕಮಾನು ಎಳೆದರೆ ರಾಗ, ಅದೇ ಕಮಾನು ಕೊಡವಿದರೆ ಗೆಜ್ಜೆಯ ತಾಳ. ತಾಳದವನಿಗೆ ಬೇರೆ ಸಂಬಳ ಇಲ್ಲ.

ಇದನ್ನು ನುಡಿಸುವವರಿಗೆ ಭೋಪ ಎನ್ನುತ್ತಾರೆ. ಅವರು ಪಾಬೂಜಿ ಎಂಬ ವೀರನ ಕತೆ ಹಾಡುತ್ತಾರೆ. ನಮ್ಮಲ್ಲಿ ಕೋಟಿ ಚೆನ್ನಯರು ವೀರರಾಗಿ ಬಾಳಿ, ಸತ್ತ ಮೇಲೆ ಗರಡಿಗಳಲ್ಲಿ ಪೂಜೆ ಪಡೆಯುತ್ತಾರಲ್ಲ? ಪಾಬೂಜಿಯೂ ಹಾಗೆಯೇ. ಜನರ ದನಕರು, ಒಂಟೆ ಕಾಯುವ ದೈವ. ಭೋಪ ಒಂದು ಉದ್ದದ ಚಿತ್ರದ ಬಟ್ಟೆ ಕಟ್ಟುತ್ತಾನೆ. ಕತೆಯೆಲ್ಲ ಆ ಬಟ್ಟೆಯಲ್ಲಿ ಬರೆದಿರುತ್ತದೆ. ಅದರ ಮುಂದೆ ನಿಂತು ನುಡಿಸುತ್ತ, ಕುಣಿಯುತ್ತ ಹಾಡುತ್ತಾನೆ. ನಮ್ಮ ಯಕ್ಷಗಾನದ ಹಾಗೆ ರಾತ್ರಿಯಿಡೀ. ಪಕ್ಕದಲ್ಲಿ ಅವನ ಹೆಂಡತಿ, ಭೋಪಿ. ಕೈಯಲ್ಲಿ ದೀಪ. ಕತೆ ಬಟ್ಟೆಯ ಯಾವ ಮೂಲೆಗೆ ಹೋಯಿತೋ ಅಲ್ಲಿಗೆ ದೀಪ ಹಿಡಿಯುತ್ತಾಳೆ. ಬರೀ ದೀಪ ಹಿಡಿಯುವುದಲ್ಲ, ಅರ್ಧ ಹಾಡು ಅವಳದ್ದೇ. ಆದರೆ ವಾದ್ಯ ಮಾತ್ರ ಗಂಡನ ಕೈಯಲ್ಲಿ.

ರಾಜಸ್ಥಾನ ದೂರ ಆಯಿತು. ಕಾಸರಗೋಡು ದಾಟಿ ಕೇರಳದಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಪುಳ್ಳುವರು ಎಂಬ ಜನ ಇದ್ದಾರೆ. ನಾಗದೇವರ ಹಾಡು ಹಾಡುವುದು ಅವರ ಕುಲಕಸುಬು. ನಮ್ಮ ನಾಗಮಂಡಲ ನೋಡಿದವರಿಗೆ ಅವರ ಸೇವೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಐದು ಬಣ್ಣದ ಹುಡಿಯಲ್ಲಿ ನಾಗನ ಮಂಡಲ ಬರೆಯುತ್ತಾರೆ. ಅವರೂ ಐದು ಬಣ್ಣದ ಹುಡಿಯಲ್ಲಿ ಕಳಂ ಬರೆಯುತ್ತಾರೆ. ನಮ್ಮಲ್ಲಿ ವೈದ್ಯರು ಡಕ್ಕೆ ಬಾರಿಸಿ ಹಾಡುತ್ತಾರೆ. ಅಲ್ಲಿ ಪುಳ್ಳುವ ಒಂದೇ ತಂತಿಯ ಪುಟ್ಟ ವೀಣೆಯನ್ನು ಕಮಾನಿನಿಂದ ಉಜ್ಜಿ ಹಾಡುತ್ತಾನೆ. ಹೆಸರು ವೀಣೆ, ಕೆಲಸ ಪಿಟೀಲಿನದು.

ಅಲ್ಲಿಯೂ ಹೆಂಗಸರು ಸುಮ್ಮನೆ ಕುಳಿತಿಲ್ಲ. ಪುಳ್ಳುವತಿ ಒಂದು ಕೊಡ ತೆಗೆದುಕೊಳ್ಳುತ್ತಾಳೆ. ಮಣ್ಣಿನ ಕೊಡ, ಅದಕ್ಕೆ ಚರ್ಮ ಬಿಗಿದು ತಂತಿ ಕಟ್ಟಿದ್ದು. ಅದನ್ನು ಮೀಟಿ ತಾಳ ಹಾಕುತ್ತಾಳೆ, ಗಂಡನ ಸಮಕ್ಕೆ ಹಾಡುತ್ತಾಳೆ. ಹಿಂದೆ ಗಂಡ ಹೆಂಡತಿ ಜೊತೆಯಾಗಿ ಮನೆಮನೆಗೆ ಹೋಗಿ, ಮಕ್ಕಳಿಗೆ ನಾಗದೋಷ ತಟ್ಟದಿರಲಿ ಎಂದು ಹಾಡಿ ಅಕ್ಕಿ ಪಡೆಯುತ್ತಿದ್ದರು. ಇಲ್ಲಿಯೂ ಕಮಾನು ಗಂಡಸಿನ ಕೈಯಲ್ಲಿ. ಹೆಂಗಸಿನ ಕೈಯಲ್ಲಿ ಕೊಡ.

ನಾಟಿ ನೆಡುವಾಗ ನೀವು ಹೇಳುವ ಪಾಡ್ದನಕ್ಕೆ ವಾದ್ಯವೇ ಇಲ್ಲ. ಎರಡು ಕೈಯೂ ನೇಜಿಯಲ್ಲಿ ಇರುವಾಗ ವಾದ್ಯ ಹಿಡಿಯುವುದು ಯಾವ ಕೈಯಲ್ಲಿ?

ರೇಡಿಯೋದಲ್ಲಿ ಅತ್ತವರು ಯಾರು?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅಮ್ಮ ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ಅದು ಹಾಡುತ್ತಾ ಇರುತ್ತಿತ್ತು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ನಮ್ಮ ಕಡೆ ಬೀಡಿ ಕಟ್ಟುವ ಮನೆಗಳಲ್ಲೆಲ್ಲ ಅದೇ ಜೊತೆಗಾರ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆ ಆಯಿತು. ಆಮೇಲೆ ರೇಡಿಯೋದಲ್ಲಿ ಸಿನೆಮಾ ಹಾಡು ಇಲ್ಲ, ನಾಟಕ ಇಲ್ಲ. ಒಂದು ವಾದ್ಯ ಮಾತ್ರ ದಿನವಿಡೀ ಕೊರಗುತ್ತಿತ್ತು. ಅಮ್ಮ ಎಲೆ ಕತ್ತರಿಸುವುದನ್ನು ನಿಲ್ಲಿಸಿ, "ಅದು ಯಾರು ಅಳುವುದು?" ಎಂದು ಕೇಳಿದರು.

ಅಳುವುದಲ್ಲ, ಅದು ಸಾರಂಗಿ. ದೇಶದ ದೊಡ್ಡವರು ತೀರಿಕೊಂಡಾಗ ರೇಡಿಯೋದಲ್ಲಿ ಸಾರಂಗಿ ಹಾಕುವುದು ವಾಡಿಕೆಯಾಗಿತ್ತು. ಹಾಗಾಗಿ ಸಾರಂಗಿ ಕೇಳಿದರೆ "ಯಾರು ಹೋದರು?" ಎಂದು ಜನ ಕೇಳುವಂತಾಯಿತು. ಪಿಟೀಲಿಗೆ ಬೈಗುಳದ ಹೆಸರು ಬಂದರೆ, ಸಾರಂಗಿಗೆ ಸಾವಿನ ಹೆಸರು ಬಂತು.

ಸಾರಂಗಿ ಉತ್ತರದ ಕಡೆಯ ವಾದ್ಯ. ಹೆಚ್ಚುಕಡಿಮೆ ಎರಡು ಅಡಿ ಎತ್ತರ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡುತ್ತಾರೆ. ಮುಖಕ್ಕೆ ಆಡಿನ ಚರ್ಮ. ಕಮಾನು ತಾಗುವುದು ಮೂರು ದಪ್ಪ ತಂತಿಗೆ. ಆ ತಂತಿ ಆಡಿನ ಕರುಳಿನಿಂದ ಮಾಡಿದ್ದು. ಅದರ ಅಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಸಣ್ಣ ಲೋಹದ ತಂತಿಗಳಿವೆ. ಅವನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ತಂತಿ ನುಡಿದಾಗ ಅವು ತಾವಾಗಿ ಗುಂಯ್ ಎನ್ನುತ್ತವೆ. ಖಾಲಿ ಕೊಡಪಾನದ ಬಾಯಿಗೆ ಬಾಗಿ ಹಾಡಿದರೆ ಕೊಡಪಾನ ಓಗೊಡುತ್ತದಲ್ಲ, ಆ ರೀತಿ.

ಪಿಟೀಲಿನಲ್ಲಿ ಬೆರಳ ತುದಿಯಿಂದ ತಂತಿ ಒತ್ತುತ್ತಾರೆ. ಸಾರಂಗಿಯಲ್ಲಿ ಹಾಗಲ್ಲ. ಉಗುರಿನ ಬುಡದಿಂದ ತಂತಿಯನ್ನು ಪಕ್ಕದಲ್ಲಿ ಒತ್ತಿ ಜಾರಿಸಬೇಕು. ವರ್ಷಗಟ್ಟಲೆ ನುಡಿಸಿದವರ ಉಗುರಿನ ಬುಡ ಜಡ್ಡುಗಟ್ಟಿರುತ್ತದೆ. ಬೀಡಿ ಕಟ್ಟಿದವರಿಗೆ ಜಡ್ಡುಗಟ್ಟಿದ ಬೆರಳು ಅಂದರೆ ಎಂತ ಎಂದು ವಿವರಿಸಬೇಕಾಗಿಲ್ಲ.

ಸಾರಂಗಿ ಮೊದಲು ಹಳ್ಳಿಯ ವಾದ್ಯ. ರಾಜಸ್ಥಾನದ ಲಂಗರು ಎಂಬ ಜನ ಈಗಲೂ ಮದುವೆ ಮನೆಗಳಲ್ಲಿ ತಮ್ಮ ಸಾರಂಗಿ ನುಡಿಸುತ್ತಾರೆ. ಅವರ ನೆರೆಯ ಮಾಂಗಣಿಯಾರರು ನುಡಿಸುವ ಕಮಾಯಚ ಎಂಬುದೂ ಇದೇ ಬಳಗದ್ದು. ಅದನ್ನು ನುಡಿಸಿದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಹಳ್ಳಿಯಿಂದ ಸಾರಂಗಿ ಪಟ್ಟಣಕ್ಕೆ ಹೋಯಿತು. ಅಲ್ಲಿ ಹಾಡುವ ಹೆಂಗಸರ ಹಿಂದೆ ನಿಂತಿತು. ಆ ಹೆಂಗಸರಿಗೆ ತವಾಯಫ್ ಎಂದು ಹೆಸರು. ದೊಡ್ಡ ವಿದ್ಯೆ ಇದ್ದವರು. ರಾಗ, ತಾಳ, ಕಾವ್ಯ ಎಲ್ಲ ಬಲ್ಲವರು. ಅವರ ಹಾಡಿಗೆ ಸಾರಂಗಿಯವರು ಜೊತೆ. ಎಷ್ಟೋ ಸಲ ಹಾಡು ಹೇಳಿಕೊಟ್ಟ ಗುರುಗಳೂ ಅವರೇ.

ಜನ ಹಾಡು ಕೇಳಿ ತಲೆದೂಗಿದರು. ಆದರೆ ಹಾಡಿದವರನ್ನು ಮನೆಯ ಒಳಗೆ ಸೇರಿಸಲಿಲ್ಲ. ಅವರಿಗೆ ಬಂದ ಕೆಟ್ಟ ಹೆಸರು ಸಾರಂಗಿಗೂ ತಟ್ಟಿತು. ಮರ್ಯಾದೆಯ ಮನೆಯ ಹುಡುಗಿಯರು ಸಂಗೀತ ಕಲಿಯಲು ಶುರು ಮಾಡಿದಾಗ ಸಾರಂಗಿ ಬೇಡ, ಹಾರ್ಮೋನಿಯಂ ಸಾಕು ಎಂದಾಯಿತು. ಹಾರ್ಮೋನಿಯಂ ಕಲಿಯುವುದು ಸುಲಭ, ಸಾರಂಗಿ ಕಷ್ಟ. ಅದೂ ಒಂದು ಕಾರಣ. ಆದರೆ ಮೊದಲಿನ ಕಾರಣವೇ ನನಗೆ ಹೆಚ್ಚು ಬೇಸರದ್ದು. ಮರಕ್ಕೆ, ಚರ್ಮಕ್ಕೆ, ತಂತಿಗೆ ಎಂತ ಶೀಲ?

ಆ ಹೆಸರು ತೊಳೆದವರು ಪಂಡಿತ್ ರಾಮ್ ನಾರಾಯಣ್. ರಾಜಸ್ಥಾನದ ಉದಯಪುರದ ಹತ್ತಿರ 1927ರಲ್ಲಿ ಹುಟ್ಟಿದವರು. ಮೊದಲು ರೇಡಿಯೋದಲ್ಲಿ, ಸಿನೆಮಾದಲ್ಲಿ ಬೇರೆಯವರ ಹಾಡಿಗೆ ನುಡಿಸಿದರು. ಯಾವಾಗಲೂ ಹಿಂದೆ ಯಾಕೆ ಕುಳಿತುಕೊಳ್ಳಬೇಕು ಎಂದು ಅವರಿಗೆ ಅನ್ನಿಸಿತು. 1954ರಲ್ಲಿ ಮುಂಬಯಿಯ ಒಂದು ಸಭೆಯಲ್ಲಿ ಸಾರಂಗಿ ಒಂದನ್ನೇ ನುಡಿಸಲು ಕುಳಿತರು. ಜನ ಕೇಳಲಿಲ್ಲ. ಗಲಾಟೆ ಮಾಡಿ ಎಬ್ಬಿಸಿದರು. 1956ರಲ್ಲಿ ಮತ್ತೆ ಕುಳಿತರು. ಈ ಸಲ ಜನ ಕೇಳಿದರು. ಆಮೇಲೆ ದೇಶ ವಿದೇಶ ಸುತ್ತಿ ನುಡಿಸಿದರು. 2005ರಲ್ಲಿ ಪದ್ಮವಿಭೂಷಣ ಬಂತು. 2024ರ ನವೆಂಬರಿನಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಸಾರಂಗಿಗೆ ಹೆಸರಾದವರು ಉಸ್ತಾದ್ ಫಯಾಜ್ ಖಾನ್. ದಾಸರ ಪದ, ವಚನಗಳನ್ನು ಚಂದ ಹಾಡುವವರು ಎಂದೂ ಅವರು ಪ್ರಸಿದ್ಧರು.

ಕಮಾನು ಹಿಡಿದ ಅಕ್ಕಂದಿರು

ಈಗ ಅಕ್ಕ ಕೇಳಿದ ಪ್ರಶ್ನೆಗೆ ಬರುತ್ತೇನೆ. ದೀಪ ಹೆಂಗಸಿನ ಕೈಯಲ್ಲಿ, ಕೊಡ ಹೆಂಗಸಿನ ಕೈಯಲ್ಲಿ, ಹಾಡು ಹೆಂಗಸಿನ ಬಾಯಲ್ಲಿ. ಕಮಾನು ಯಾವಾಗ ಬಂತು?

ಡಾಕ್ಟರ್ ಎನ್. ರಾಜಂ ಎಂಬವರ ಹೆಸರು ಮೊದಲು ಹೇಳಬೇಕು. ದಕ್ಷಿಣದ ಸಂಗೀತದ ಮನೆಯಲ್ಲಿ ಬೆಳೆದವರು. ಚಿಕ್ಕಂದಿನಲ್ಲೇ ತಂದೆಯೇ ಪಿಟೀಲು ಕಲಿಸಿದರು. ಆಮೇಲೆ ಉತ್ತರದ ಹಿಂದೂಸ್ತಾನಿ ಸಂಗೀತದಲ್ಲಿ ಅವರಿಗೆ ಮನಸ್ಸಾಯಿತು. ಓಂಕಾರನಾಥ ಠಾಕೂರರ ಹತ್ತಿರ ಕಲಿತರು. ಠಾಕೂರರು ಹಾಡುಗಾರರು, ರಾಜಂ ಅವರ ಕೈಯಲ್ಲಿ ಪಿಟೀಲು. ಗುರು ಹಾಡಿದ್ದನ್ನು ಶಿಷ್ಯೆ ಕಮಾನಿನಲ್ಲಿ ಹಾಡಬೇಕು. ಹಾಡಿಯೇಬಿಟ್ಟರು. ಅವರ ಪಿಟೀಲು ಕೇಳಿದರೆ ಯಾರೋ ಬಾಯಿ ಮುಚ್ಚಿ ಹಾಡಿದ ಹಾಗೆ ಇರುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದರು. 2004ರಲ್ಲಿ ಪದ್ಮಭೂಷಣ ಬಂತು. ಅವರ ಮಗಳು ಸಂಗೀತಾ ಶಂಕರ್ ಪಿಟೀಲು ನುಡಿಸುತ್ತಾರೆ. ಮೊಮ್ಮಕ್ಕಳಾದ ರಾಗಿಣಿ, ನಂದಿನಿಯೂ ನುಡಿಸುತ್ತಾರೆ. ಅಜ್ಜಿ, ಮಗಳು, ಮೊಮ್ಮಕ್ಕಳು ಒಂದೇ ವೇದಿಕೆಯಲ್ಲಿ ಕುಳಿತು ನುಡಿಸಿದ್ದುಂಟು.

ನಮ್ಮ ಕರ್ನಾಟಕ ಸಂಗೀತದಲ್ಲಿ ಎ. ಕನ್ಯಾಕುಮಾರಿ ಎಂಬವರು ಇದ್ದಾರೆ. ಎಂ. ಎಲ್. ವಸಂತಕುಮಾರಿಯವರ ಹಾಡಿಗೆ ಬಹಳ ವರ್ಷ ಪಿಟೀಲು ನುಡಿಸಿದವರು. ಆ ಕಾಲದಲ್ಲಿ ಹೆಂಗಸು ಪಕ್ಕದಲ್ಲಿ ಪಿಟೀಲು ಹಿಡಿದು ಕುಳಿತರೆ ಹಾಡಲು ಒಪ್ಪದ ಗಂಡಸರೂ ಇದ್ದರು. ಚೌಡಯ್ಯನವರಿಗೆ 1957ರಲ್ಲಿ ಸಿಕ್ಕಿದ ಸಂಗೀತ ಕಲಾನಿಧಿ ಗೌರವ ಇತ್ತಲ್ಲ, ಅದು 2016ರಲ್ಲಿ ಕನ್ಯಾಕುಮಾರಿಯವರಿಗೆ ಸಿಕ್ಕಿತು. ಪಿಟೀಲು ನುಡಿಸುವ ಹೆಂಗಸೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ನಡುವೆ 59 ವರ್ಷ.

ಸಾರಂಗಿಯ ಬಾಗಿಲು ತೆರೆದವರು ಅರುಣಾ ನಾರಾಯಣ್. ರಾಮ್ ನಾರಾಯಣ್ ಅವರ ಮಗಳು. ತಂದೆ ಮಗನಿಗೆ ಸರೋದ್ ಎಂಬ ವಾದ್ಯ ಕಲಿಸಿದರು. ಸಾರಂಗಿ ಸಿಕ್ಕಿದ್ದು ಮಗಳಿಗೆ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ, "ಹಾಗಾದರೆ ನೋಡಬೇಕಲ್ಲ" ಎಂದರು. ನಮ್ಮ ಕಡೆ ನೋಡುವುದು ಕಷ್ಟವಲ್ಲ. ಉಡುಪಿ ಮಠದ ರಾಜಾಂಗಣದಲ್ಲಿ ಕಚೇರಿಗಳು ನಡೆಯುತ್ತವೆ. ಉಡುಪಿಯ ರಾಗಧನ, ಪರ್ಕಳದ ಸರಿಗಮ ಭಾರತಿ ಮುಂತಾದ ಸಂಸ್ಥೆಗಳೂ ಕಚೇರಿ ಇಡುತ್ತಾ ಬಂದಿವೆ. ಹೋದರೆ ಮೂರು ವಿಷಯ ಗಮನಿಸಿ ಎಂದೆ. ಒಂದು, ಶುರುವಿಗೆ ಮೊದಲು ಬಿರಡೆ ತಿರುಗಿಸಿ ಶ್ರುತಿ ಕೂಡಿಸುವುದು. ಎರಡು, ಎಡಗೈಯ ಬೆರಳು ಜಾರುವುದು. ಮೂರನೆಯದು ಅವರೇ ಹೇಳಲಿ ಎಂದು ಬಿಟ್ಟೆ.

ಪೋಸ್ಟರಿನಲ್ಲಿದ್ದ ದಿನ ಬಂತು. ಅಕ್ಕ ಹಾಸ್ಟೆಲಿನ ಕೆಲಸ ಬೇಗ ಮುಗಿಸಿ ಹೋದರು. ಕಾಪುವಿನಲ್ಲಿ ಶಾಲೆಗೆ ಹೋಗುವ ಮೊಮ್ಮಗಳನ್ನೂ ಕರೆಸಿಕೊಂಡಿದ್ದರು. ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತರಂತೆ.

ಮರುದಿನ ಕೇಂದ್ರಕ್ಕೆ ಬಂದು ಹೇಳಿದರು: "ಟೀಚರ್, ಹಾಡುವವರು ಕಣ್ಣು ಮುಚ್ಚಿ ಹಾಡ್ತಾ ಇದ್ದರು. ಮೃದಂಗದವರು ತಲೆ ಹಾಕ್ತಾ ಇದ್ದರು. ಆ ಹೆಂಗಸು ಮಾತ್ರ ಹಾಡುವವರ ಮುಖದಿಂದ ಕಣ್ಣು ತೆಗೀಲಿಲ್ಲ. ಅವರು ಹೇಳಿದ್ದು ಮುಗಿಯುವ ಮೊದಲೇ ಇವರ ಕೋಲು ಹೇಳ್ತಾ ಇತ್ತು. ಅವರು ಮುಂದೆ ಎಂತ ಹಾಡ್ತಾರೆ ಅಂತ ಇವರಿಗೆ ಹೇಗೆ ಗೊತ್ತಾಗುವುದು?"

ಆಮೇಲೆ ಇವರೊಬ್ಬರೇ ನುಡಿಸುವ ಸರದಿ ಬಂತಂತೆ. ಹಾಡುವವರು ಸುಮ್ಮನೆ ಕುಳಿತು ಕೇಳಿದರಂತೆ. ಕೊನೆಗೆ "ಭಲೇ" ಎಂದರಂತೆ.

"ಮೊಮ್ಮಗಳು ಎಂತ ಹೇಳಿದಳು?" ಎಂದು ಕೇಳಿದೆ.

"ಅವಳಾ? ಆ ಕೂದಲು ಕುದುರೆಯದ್ದಾ ಅಂತ ನೋಡಬೇಕು ಅಂತ ವೇದಿಕೆ ಹತ್ತಿರ ಓಡಿದಳು. ಆ ಅಮ್ಮ ಅವಳ ಕೈಗೇ ಕಮಾನು ಕೊಟ್ಟರು."